ಭಾನುವಾರವನ್ನೂ ಕಿತ್ಕೊಂಡ್ರೆ ಹೇಗೆ?



ಕೆರೆಬಿಳಚಿ ಅಂತ ಒಂದು ಊರಿದೆ. ದಾವಣಗೆರೆ ಜಿಲ್ಲೆ, ಚನ್ನಗಿರಿ ತಾಲೂಕು. ಬೆಂಗಳೂರಿನಲ್ಲಿ ಕೂತವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ದಾವಣಗೆರೆಯಲ್ಲಿ ಓದಿದ ಹುಡುಗರನ್ನ ಕೇಳಿ, 'ಓ, ಸೂಳೆಕೆರೆ ಹತ್ರದ್ದಾ' ಅಂತಾರೆ. ಸರ್ಕಾರಿ ದಾಖಲೆಯಲ್ಲಿ ಆ ಕೆರೆ ಶಾಂತಿಸಾಗರ. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಸೂಳೆಕೆರೆನೇ. ಇವತ್ತು ಆ ಕೆರೆಯ ವಿಷಯ ಮಾತಾಡ್ತೀನಿ. ರಾಜಕೀಯ ನಾಳೆಯೂ ಇರುತ್ತೆ ಬಿಡಿ, ಎಲ್ಲೂ ಓಡಿ ಹೋಗಲ್ಲ.

ಕೆರೆ ಯಾಕೆ ಅಂದ್ರೆ, ಒಂದು ಅಂಕಿ ನನ್ನ ತಲೇಲಿ ಕೂತುಬಿಟ್ಟಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ 2022ರಲ್ಲಿ ಈ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ದಿನಕ್ಕೆ 35ಕ್ಕಿಂತ ಹೆಚ್ಚು. ಒಂದು ದಿನ ಪಿಕ್‌ನಿಕ್ ಹೋಗಿದ್ರೆ ಇವರೆಲ್ಲ ಉಳೀತಿದ್ರು ಅಂತ ಹೇಳೋಕೆ ನಾನು ಬಂದಿಲ್ಲ. ಅದು ಬೇಜವಾಬ್ದಾರಿ ಮಾತು. ಒಂದೊಂದು ಸಾವಿನ ಹಿಂದೆ ಹತ್ತು ಕಾರಣ ಇರುತ್ತೆ. ನಾನು ಕೇಳ್ತಿರೋದು ಬೇರೆ. ವಾರದಲ್ಲಿ ಒಂದೇ ಒಂದು ದಿನ, ಯಾರೂ ಮಾರ್ಕ್ಸ್ ಕೇಳದ ದಿನ, ನಮ್ಮ ಮಕ್ಕಳ ಕೈಯಲ್ಲಿ ಉಳಿದಿದೆಯಾ?

ನಾನು ಎಂಜಿನಿಯರಿಂಗ್ ಓದಿದ್ದು ದಾವಣಗೆರೆಯಲ್ಲಿ. ವಿಟಿಯು ಓದಿದವರಿಗೆ ಬಿಡಿಸಿ ಹೇಳೋದೇ ಬೇಡ. ಶೇಕಡ 85 ಹಾಜರಿ, ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಮೇಲೆ ಇಯರ್ ಬ್ಯಾಕ್ ಅನ್ನೋ ಕತ್ತಿ. ಆದ್ರೂ ನಮಗೆ ಭಾನುವಾರ ಅಂತ ಒಂದಿತ್ತು. ಈಗ ವಸತಿ ಪಿಯು ಕಾಲೇಜುಗಳ ವೇಳಾಪಟ್ಟಿ ತೆಗೆದು ನೋಡಿ. ನೀಟ್, ಜೆಇಇ, ಸಿಇಟಿ. ಭಾನುವಾರ ಬೆಳಿಗ್ಗೆ ಟೆಸ್ಟು, ಮಧ್ಯಾಹ್ನ ಆ ಟೆಸ್ಟಿನ ಚರ್ಚೆ, ಸಂಜೆ ಅಪ್ಪ–ಅಮ್ಮನಿಗೆ ಫೋನು. ಆ ಫೋನಲ್ಲೂ ಮೊದಲನೇ ಪ್ರಶ್ನೆ ಏನು? 'ಎಷ್ಟು ಬಂತು?' ಲಕ್ಷಗಟ್ಟಲೆ ಫೀಸು ಕಟ್ಟಿ ಭಾನುವಾರ ಇಲ್ಲದ ವಾರವನ್ನ ಕೊಂಡುಕೊಳ್ತಾ ಇದೀವಿ.

ನಮ್ಮ ರೂಮಿನಲ್ಲಿ ಒಬ್ಬನಿದ್ದ. ನಾಲ್ಕು ಸಬ್ಜೆಕ್ಟ್ ಬ್ಯಾಕ್. ಮನೆಯಲ್ಲಿ ಹೇಳಿರಲಿಲ್ಲ. ಮೆಸ್ಸಿಗೆ ಬರೋದು ಬಿಟ್ಟ, ಮಾತು ಬಿಟ್ಟ, ಹಗಲೆಲ್ಲಾ ಹೊದ್ದು ಮಲಗೋನು. ಅದಕ್ಕೊಂದು ಹೆಸರಿದೆ, ಚಿಕಿತ್ಸೆ ಇದೆ ಅಂತ ನಮಗ್ಯಾರಿಗೂ ಗೊತ್ತಿಲ್ಲದ ವಯಸ್ಸು. ಒಂದು ಭಾನುವಾರ ಅವನನ್ನ ಎಬ್ಬಿಸಿ, ಹೆಚ್ಚುಕಮ್ಮಿ ಎಳ್ಕೊಂಡೇ ಹೋಗಿ ಬಸ್ ಹತ್ತಿಸಿದ್ವಿ. ಖಾಸಗಿ ಬಸ್ಸು, ಟಾಪಲ್ಲಿ ಹುಲ್ಲಿನ ಹೊರೆ, ಒಳಗೆ ಜೋರಾಗಿ ಸಿನಿಮಾ ಹಾಡು. ಕಿಟಕಿ ಆಚೆ ಗದ್ದೆ, ಅಡಿಕೆ ತೋಟ, ಮತ್ತೆ ಗದ್ದೆ. ಪ್ಲಾನು ಅಂತ ಏನೂ ಇರಲಿಲ್ಲ. ಬುತ್ತಿಗೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡಿದ್ವಿ. ದಾವಣಗೆರೆಯಿಂದ ಹೊರಟವರು ಇನ್ನೇನು ತಾನೇ ಕಟ್ಟಿಸಿಕೊಳ್ತಾರೆ?

ಸೂಳೆಕೆರೆ ಏರಿ ಮೇಲೆ ನಿಂತ್ರೆ ಮೊದಲು ಅನುಮಾನ ಬರುತ್ತೆ, ಇದು ಕೆರೆನಾ ಸಮುದ್ರನಾ ಅಂತ. ಎಂಜಿನಿಯರಿಂಗ್ ಓದಿದವರಿಗೆ ಅಲ್ಲಿ ಇನ್ನೊಂದು ಮಜಾ ಇದೆ. ಇಷ್ಟು ದೊಡ್ಡ ನೀರನ್ನ ಹಿಡಿದಿರೋ ಏರಿ ಉದ್ದಕ್ಕೆ ಹೆಚ್ಚೇನಿಲ್ಲ, ಹಳೇ ಗೆಜೆಟಿಯರ್ ಲೆಕ್ಕದಲ್ಲಿ ಸುಮಾರು 950 ಅಡಿ. ಎರಡು ಗುಡ್ಡ ಹತ್ತಿರ ಬರುವ ಸಂದು ಹುಡುಕಿ, ಅಲ್ಲಿ ಹರಿದ್ರಾ ನದಿಯನ್ನ ಕಟ್ಟಿದ್ದಾರೆ. ಗುಡ್ಡಗಳೇ ಉಳಿದ ಗೋಡೆ. ಒಂದು ಕಡೆ ಸಿದ್ಧನ ತೂಬು, ಇನ್ನೊಂದು ಕಡೆ ಬಸವನ ತೂಬು. ರಾಜಕುಮಾರಿ ಶಾಂತವ್ವ ಕಟ್ಟಿಸಿದಳು ಅನ್ನೋ ಕಥೆ ಆ ಭಾಗದಲ್ಲಿ ಎಲ್ಲರ ಬಾಯಲ್ಲೂ ಇದೆ. ಶತಮಾನಗಳಾದ್ರೂ ಕೆರೆ ಕೆಲಸ ಮಾಡ್ತಾನೇ ಇದೆ, ಚಿತ್ರದುರ್ಗದವರು ಕುಡಿಯೋ ನೀರು ಅಲ್ಲಿಂದ ಹೋಗುತ್ತೆ. ಹೈಡ್ರಾಲಿಕ್ಸ್‌ನಲ್ಲಿ ಫೇಲಾದವನು ಆ ಏರಿ ಮೇಲೆ ಕೂತು 'ಇದನ್ನ ಕಟ್ಟಿದೋರಿಗೆ ಯಾವ ಯೂನಿವರ್ಸಿಟಿ ಕಣೋ?' ಅಂದ. ಮೂರು ವಾರದಲ್ಲಿ ಅವನಾಡಿದ ಮೊದಲ ಪೂರ್ತಿ ವಾಕ್ಯ ಅದು. ಸಂಜೆ ವಾಪಸ್ ಬರುವಾಗ ಬಸ್ಸಿನಲ್ಲಿ, ಕತ್ತಲೆಯಲ್ಲಿ, ನಾಲ್ಕು ಬ್ಯಾಕ್ ವಿಷಯ ಬಾಯಿಬಿಟ್ಟ. ಆ ವಾರವೇ ಅವರಪ್ಪ ಊರಿಂದ ಬಂದ್ರು, ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ವಾಸಿ ಮಾಡಿದ್ದು ಡಾಕ್ಟರು, ಕೆರೆಯಲ್ಲ. ಆದ್ರೆ ರೂಮಿನ ನಾಲ್ಕು ಗೋಡೆ ಮಧ್ಯೆ ಆ ಮಾತು ಅವನ ಬಾಯಿಂದ ಬರ್ತಾ ಇರಲಿಲ್ಲ.

ಇದಕ್ಕೆ ವಿಜ್ಞಾನವೂ ಇದೆ. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯ್ತು. ವಾರಕ್ಕೆ 120 ನಿಮಿಷ ಗಿಡ, ಮರ, ನೀರಿನ ನಡುವೆ ಕಳೆಯೋರು, ಕಳೆಯದವರಿಗಿಂತ ಆರೋಗ್ಯವಾಗಿ, ನೆಮ್ಮದಿಯಾಗಿ ಇದ್ದೀವಿ ಅಂತ ಹೇಳಿಕೊಂಡಿದ್ದರು. ಒಂದೇ ಸಲ ಹೋದ್ರೂ ಸರಿ, ನಾಲ್ಕು ಸಲ ಹಂಚಿಕೊಂಡ್ರೂ ಸರಿ, ವ್ಯತ್ಯಾಸ ಕಾಣಲಿಲ್ಲ. ಲೆಕ್ಕ ಹಾಕಿ, ಒಂದು ಸಿನಿಮಾಗಿಂತ ಕಡಿಮೆ ಹೊತ್ತು.

ಆದ್ರೆ ಇದನ್ನೂ ನಾವು ಒಂದು ಸ್ಪರ್ಧೆ ಮಾಡ್ಕೊಂಡಿದೀವಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ಏನಾಯ್ತು? ಸಾವಿರಾರು ಜನ ಸಾಲುಗಟ್ಟಿ ನಿಂತ್ರು, ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಬೇಕಾಯ್ತು. ಶುಕ್ರವಾರ ರಾತ್ರಿ ಬಸ್ಸು, ನಿದ್ದೆಗೆಟ್ಟು ಬೆಟ್ಟ, ಸೋಮವಾರ ಬೆಳಿಗ್ಗೆ ನೇರ ಕ್ಲಾಸಿಗೆ. ಇದು ಒತ್ತಡ ಕಳೆಯೋದಾ, ಇನ್ನೊಂದು ಅಸೈನ್‌ಮೆಂಟಾ? ಹತ್ತಿರದ್ದನ್ನ ನೋಡಿ ಸ್ವಾಮಿ. ಸಂತೇಬೆನ್ನೂರಿನ ಪುಷ್ಕರಣಿ ಇದೆ, ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು, ನೀರಿನ ನಡುವೆ ಮಂಟಪ. ಕೊಂಡಜ್ಜಿ ಇದೆ. ಚನ್ನಗಿರಿ ಕೋಟೆ ಇದೆ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮೆಸ್ಸಿಗೆ ವಾಪಸ್.

ಅಪ್ಪ–ಅಮ್ಮಂದಿರ ಭಯ ನನಗೆ ಅರ್ಥವಾಗುತ್ತೆ. ನೀರು ಅಂದ್ರೆ ಭಯ ಇರಲೇಬೇಕು. 2017ರ ಸೆಪ್ಟೆಂಬರ್‌ನಲ್ಲಿ ಒಂದು ಕಲ್ಯಾಣಿಯಲ್ಲಿ ಹುಡುಗರು ಸೆಲ್ಫಿ ತೆಗೀತಿದ್ರು, ಹಿಂದೆ ಅವರ ಗೆಳೆಯನೇ ಮುಳುಗ್ತಾ ಇದ್ದ. ಆ ಫೋಟೊ ನೋಡಿದ ಯಾರೂ ಮರೆಯೋಕಾಗಲ್ಲ. ಹಾಗಂತ ಕಾಲೇಜುಗಳು ಕಂಡುಕೊಂಡ ದಾರಿ ಏನು? ಗೇಟಿಗೆ ಬೀಗ. ಗೇಟು ಹಾಕಿದ್ರೆ ಹುಡುಗರು ಕದ್ದು ಹೋಗ್ತಾರೆ. ಕದ್ದು ಹೋದವನು ಎಲ್ಲಿಗೆ ಅಂತ ಯಾರಿಗೂ ಹೇಳಿರಲ್ಲ, ತೊಂದರೆಯಾದ್ರೆ ಫೋನು ಮಾಡೋಕೂ ಹೆದರ್ತಾನೆ. ಹೇಳಿ ಹೋಗುವಂತೆ ಬಿಡಿ, ಜೊತೆಗೆ ಒಬ್ಬ ಲೆಕ್ಚರರ್ ಹೋಗಲಿ, ನೀರಿಗಿಳಿಯೋದು ಬೇಡ ಅಂತ ಖಡಾಖಂಡಿತವಾಗಿ ಹೇಳಿ. ಏರಿ ಮೇಲೆ ಕೂರೋಕೆ ಈಜು ಬರಬೇಕಾಗಿಲ್ಲ.

ಇನ್ನು ಹೆಣ್ಣುಮಕ್ಕಳ ಕಥೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಮಧ್ಯ ಕರ್ನಾಟಕದಲ್ಲಿ ಹಳ್ಳಿ ದಾರಿಗೆ ಖಾಸಗಿ ಬಸ್ಸೇ ಹೆಚ್ಚು, ಅದು ಬೇರೆ ಮಾತು. ಬಸ್ಸು ಸಿಕ್ಕರೂ ಹಾಸ್ಟೆಲ್ ಬಿಡಲ್ಲ. ಹುಡುಗರ ಹಾಸ್ಟೆಲ್ ಗೇಟು ರಾತ್ರಿ ಹತ್ತಕ್ಕೆ ಮುಚ್ಚಿದ್ರೆ ಹುಡುಗಿಯರದ್ದು ಆರಕ್ಕೆ, ಆರೂವರೆಗೆ. ಒತ್ತಡ ಮಾತ್ರ ಇಬ್ಬರಿಗೂ ಸಮಾನ, ಸಿಲಬಸ್ಸೂ ಸಮಾನ.

ಪ್ರಿನ್ಸಿಪಾಲರೇ, ವಾರ್ಡನ್ನರೇ, ತಿಂಗಳಿಗೆ ನಾಲ್ಕು ಭಾನುವಾರ ಬರುತ್ತೆ. ಮೂರು ನೀವೇ ಇಟ್ಕೊಳ್ಳಿ, ಒಂದು ಬಿಟ್ಟುಕೊಡಿ. ಮಕ್ಕಳೇ, ಬಸ್ ಹತ್ತೋಕೂ ಮನಸ್ಸಿಲ್ಲದಷ್ಟು ಭಾರ ಆಗಿದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಉಚಿತ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಮಂಚದಲ್ಲಿ ಯಾರಾದ್ರೂ ಮೂರು ವಾರದಿಂದ ಮಾತಾಡದೆ ಮಲಗಿದ್ರೆ, ಈ ಭಾನುವಾರ ಅವರನ್ನ ಎಬ್ಬಿಸಿ. ಮಂಡಕ್ಕಿ ಕಟ್ಟಿಸಿಕೊಳ್ಳೋದು ಮರೀಬೇಡಿ.