ಮೇಷ್ಟ್ರ ಎರಡನೆ ಕೆಲಸ

(ಗುಬ್ಬಿಯಲ್ಲಿ ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



2019ರಲ್ಲಿ ನಾವು ತುಮಕೂರಿನಲ್ಲಿ ಬಿ.ಎ. ಓದುತ್ತಿದ್ದಾಗ ಒಂದು ಅರ್ಜಿ ಬರೆದೆವು. 'ಇತಿಹಾಸದ ಮೇಷ್ಟ್ರು ಹನ್ನೆರಡಕ್ಕೆ ಪಾಠ ಅರ್ಧಕ್ಕೆ ಬಿಟ್ಟು ಎದ್ದು ಹೋಗ್ತಾರೆ, ಏನಾದರೂ ಕೇಳೋಣ ಅಂದ್ರೆ ಕೈಗೆ ಸಿಗಲ್ಲ, ಕ್ರಮ ಕೈಗೊಳ್ಳಬೇಕು.' ಹಾಸ್ಟೆಲಿನ ಹುಡುಗರೆಲ್ಲ ಸಹಿ ಹಾಕಿದ್ದೆವು. ಪ್ರಿನ್ಸಿಪಾಲರಿಗೆ ಕೊಡೋ ಮುಂಚೆ ನಮ್ಮಲ್ಲೊಬ್ಬ, ಇವರು ಹೋಗೋದಾದರೂ ಎಲ್ಲಿಗೆ ನೋಡೋಣ ಅಂತ ಹಿಂದೆ ಹೋದ. ಮೇಷ್ಟ್ರು ಕುಣಿಗಲ್ ಬಸ್ ಹತ್ತಿದರು. ಇವನೂ ಹತ್ತಿದ. ಹೆಬ್ಬೂರು ದಾಟುವ ಹೊತ್ತಿಗೆ ಮೇಷ್ಟ್ರು ಡಬ್ಬಿ ಬಿಚ್ಚಿದ್ದರು. ಇವನನ್ನು ಕಂಡವರೇ, 'ಉಂಡಿದೀಯೇನಪ್ಪ?' ಅಂತ ಮುಚ್ಚಳಕ್ಕೆ ಅರ್ಧ ಚಿತ್ರಾನ್ನ ಹಾಕಿ ಕೊಟ್ಟರಂತೆ. ಮಧ್ಯಾಹ್ನ ಅವರಿಗೆ ಕುಣಿಗಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ. ಸಂಜೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯೋದು. ಅವರು ಅತಿಥಿ ಉಪನ್ಯಾಸಕರು. ಗುಬ್ಬಿ ಕಡೆಯ ಹಳ್ಳಿಯವರು, ನಮ್ಮ ಹಾಗೇ ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ಸಾಲು ನಿಂತು ಓದಿದವರು.

ಅತಿಥಿಯಂತೆ! ಮನೆಗೆ ಬಂದ ಅತಿಥಿಗೆ ಮೊದಲು ಉಣ್ಣಕ್ಕಿಡ್ತೀವಿ. ಈ ಅತಿಥಿಗೆ ಸರ್ಕಾರ ತಿಂಗಳಿಗೆ ಕೊಡುತ್ತಿದ್ದದ್ದು 11 ಸಾವಿರ, ಯುಜಿಸಿ ಅರ್ಹತೆ ಇದ್ದವರಿಗೆ 13 ಸಾವಿರ. ಹೋರಾಟದ ಮೇಲೆ 2022ರ ಜನವರಿಯಲ್ಲಿ ಅದು 26ರಿಂದ 32 ಸಾವಿರಕ್ಕೆ ಏರಿತು. ಆದರೆ ವಾರಕ್ಕೆ 8-10 ಗಂಟೆ ಇದ್ದ ಪಾಠವನ್ನು 15 ಗಂಟೆ ಮಾಡಿದರು. ಇಬ್ಬರ ಪಾಠ ಒಬ್ಬರಿಗೆ ಬಂತು, ಇನ್ನೊಬ್ಬರು ಮನೆಗೆ ಹೋದರು. ಕಾಯಂ ಮಾಡಿ ಅಂತ 2023ರ ನವೆಂಬರಿನಲ್ಲಿ ಮತ್ತೆ ಮುಷ್ಕರ ಕೂತರು. 2024ರ ಜನವರಿ 1ರಂದು ಸಿದ್ಧಗಂಗೆಯಿಂದ ಬೆಂಗಳೂರಿಗೆ ನಡೆದೇ ಹೊರಟರು. ಪಾಠ ಹೇಳೋ ಕಾಲು ಹೆದ್ದಾರಿ ಸವೆಸಿತು.

ಇನ್ನೊಬ್ಬರ ಕಥೆ ಕೇಳಿ. ಅದೇ ಕಾಲೇಜು, ಎಕನಾಮಿಕ್ಸು, ಕಾಯಂ ನೌಕರಿ, ಕೈತುಂಬ ಸಂಬಳ. ಹೆಂಡತಿ ಹೆಸರಿನಲ್ಲಿ ಕೋಚಿಂಗ್ ಸೆಂಟರು. ತರಗತಿಯಲ್ಲಿ ನೋಟ್ಸ್ ಓದಿ ಬರೆಸೋದು, ಬಿಡಿಸಿ ಹೇಳೋದು ಅಲ್ಲಿ. ಫೀಜು ಕಟ್ಟೋ ಮನೆಯ ಮಕ್ಕಳು ಅಲ್ಲಿಗೆ ಹೋಗಿ ಕಲಿತರು. ನಮಗೆ ಬೇರೆ ಎಲ್ಲಿದೆ? ತರಗತಿಯೇ ನಮ್ಮ ಟ್ಯೂಷನ್ನು. ಅಲ್ಲಿ ಕಳೆದ ಗಂಟೆಯನ್ನ ನಾವು ಎಲ್ಲೂ ಕೊಂಡ್ಕಳಕ್ಕಾಗಲ್ಲ.

ಅವರ ಮೇಲೆ ಯಾಕೆ ಅರ್ಜಿ ಬರೆಯಲಿಲ್ಲ? ಹೆದರಿಕೆ. ಇಂಟರ್ನಲ್ ಮಾರ್ಕ್ಸ್ ಅವರ ಕೈಲಿತ್ತು, ಜಾತಿಬಲ ಬೆನ್ನಿಗಿತ್ತು. ನಮ್ಮ ಸಿಟ್ಟಿಗೆ ಎಟುಕಿದವರು ನಮ್ಮಣ್ಣನಂಥವರೇ. ಇದನ್ನ ಹೇಳಕ್ಕೆ ನಮಗೇ ನಾಚಿಕೆ.

ಕಾನೂನು ಇಲ್ಲವೇ? ಇದೆ. 1966ರ ನಡತೆ ನಿಯಮದಲ್ಲೂ ಇತ್ತು, 2021ರ ಹೊಸ ನಿಯಮದಲ್ಲೂ ಇದೆ: ಸರ್ಕಾರಿ ನೌಕರ ಅನುಮತಿ ಇಲ್ಲದೆ ವ್ಯಾಪಾರ, ಬೇರೆ ಉದ್ಯೋಗ ಮಾಡುವಂತಿಲ್ಲ. ಯುಜಿಸಿಯ 2018ರ ನಿಯಮದಂತೆ ಪೂರ್ಣಾವಧಿಯ ಅಧ್ಯಾಪಕರು ದಿನಕ್ಕೆ ಕನಿಷ್ಠ 5 ಗಂಟೆ ಕಾಲೇಜಿನಲ್ಲಿ ಸಿಗಬೇಕು. ಬೀರುವಿನಲ್ಲಿ ಭದ್ರವಾಗಿದೆ.

ಹಾಗಂತ ಹೊರಗಿನ ಕೆಲಸವೆಲ್ಲ ಕೆಟ್ಟದ್ದು ಅನ್ನೋ ಮಾತು ನಮಗೊಪ್ಪಿಗೆಯಿಲ್ಲ. ಬಾಬಾಸಾಹೇಬರು 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರ್ ಆದರು. 1920ರ ಜನವರಿಯಲ್ಲಿ 'ಮೂಕನಾಯಕ' ಹೊರಟಾಗ ಅವರಿನ್ನೂ ಸರ್ಕಾರಿ ನೌಕರರು. ಸಂಪಾದಕರೆಂದು ಪಾಂಡುರಂಗ ನಂದರಾಮ್ ಭಟ್ಕರ್ ಹೆಸರು ಹಾಕಬೇಕಾಯಿತು. ಮುಂದೆ ವಕೀಲಿಯಿಂದ ಹೊಟ್ಟೆ ತುಂಬದೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ಅರೆಕಾಲಿಕ ಪಾಠವನ್ನೂ ಮಾಡಿದರು. ಪತ್ರಿಕೆ ಬರೆಯೋ ಮೇಷ್ಟ್ರು, ಭಾನುವಾರ ಹಾಸ್ಟೆಲಿಗೆ ಬಂದು ಪುಕ್ಕಟೆ ಪಾಠ ಹೇಳೋ ಮೇಷ್ಟ್ರು ನಮಗೆ ಬೇಕು. ಎರಡನೆ ಕೆಲಸಕ್ಕೆ ಹೊತ್ತು ಎಲ್ಲಿಂದ ಬಂತು, ಯಾರ ಪಾಠದಿಂದ ಕಿತ್ತದ್ದು, ಅದನ್ನ ಕೇಳಬೇಕು. ಇತಿಹಾಸದ ಮೇಷ್ಟ್ರು ಕಿತ್ತದ್ದೂ ನಮ್ಮ ಪಾಠವನ್ನೇ, ಸುಳ್ಳು ಹೇಳಲ್ಲ. ಆದರೆ ಅದನ್ನು ಕೀಳಿಸಿದ್ದು ಆ 13 ಸಾವಿರ.

ಆ ಹಳೆ ಅರ್ಜಿ ಹರಿದು ಹಾಕಿದೆವು. ಈಗ ಹೊಸದೊಂದು ಬರೆದಿದ್ದೇವೆ. ಕಾಯಂ ಅಧ್ಯಾಪಕರು ಯಾವ ಹೊತ್ತಿಗೆ ಎಲ್ಲಿ ಸಿಗ್ತಾರೆ ಅಂತ ನೋಟಿಸ್ ಬೋರ್ಡಿಗೆ ಹಾಕಿ. ಕೋಚಿಂಗ್ ಯಾರ್‍ಯಾರದು, ವಿಚಾರಣೆ ಮಾಡಿ. ಅತಿಥಿಗಳಿಗೆ ಹನ್ನೆರಡು ತಿಂಗಳೂ ಸಂಬಳ ಕೊಡಿ, ಕಾಯಂ ಮಾಡಿ. ಮೇಷ್ಟ್ರಿಗೆ ಓದಿ ಹೇಳಿದಾಗ, 'ನನ್ನ ಹೆಸರು ಮಾತ್ರ ಹಾಕಬೇಡ್ರಪ್ಪ, ಮುಂದಿನ ಸಲ ಕರೆಯಲ್ಲ' ಅಂದರು. ಹಾಕಿಲ್ಲ. ನಮ್ಮ ಹೆಸರು ಹಾಕಿದ್ದೇವೆ. ಅರ್ಜಿ ಬಾಗಿಲ ಹತ್ತಿರದ ಬೆಂಚಿನ ಮೇಲಿದೆ, ಪೆನ್ನೂ ಅಲ್ಲೇ ಇದೆ.

ಜೈ ಭೀಮ್.