ತಾರಸಿಗಳ ಕೆಳಗಿನ ಬಂಡೆ

ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ನಮ್ಮ ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ. ಹಾರಿದ್ದು 1975ರ ಏಪ್ರಿಲ್ 19ರಂದು. ನೆಲವನ್ನೇ ನೋಡಲೆಂದು ಭಾಸ್ಕರ 1979ರಲ್ಲೂ ಐಆರ್‌ಎಸ್-1ಎ 1988ರಲ್ಲೂ ಹೋದವು. ಈಗ ಮೇಲಿಂದ ಪೀಣ್ಯವನ್ನು ನೋಡಿದರೆ ಕಾಣುವುದು ಶೀಟಿನ ಮಾಡುಗಳು. ಅಡಿಯ ಬಂಡೆಯನ್ನು ಓದುವುದು ಹೇಗೆ?

ಲಾಲ್‌ಬಾಗಿನ ಗುಡ್ಡದಲ್ಲಿ ತಲೆಯೆತ್ತಿರುವ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆಯ ಬಳಗವೇ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಅಡಿಯಲ್ಲೂ ಹಾಸಿದೆ. ಗಟ್ಟಿ ಕಲ್ಲು ನೀರು ಹೀರದು. ಮೇಲಿನ ಶಿಥಿಲ ಪದರದಲ್ಲಿ, ಇಲ್ಲವೇ ಬಿರುಕುಗಳಲ್ಲಿ ನೀರು ನಿಂತರೆ ಉಂಟು. ಬೋರ್‌ವೆಲ್ ಕೊರೆಸುವವರಿಗೆ ಬೇಕಾದದ್ದು ಆ ಬಿರುಕು.

ಉಪಗ್ರಹ ಚಿತ್ರವೆಂದರೆ ಅಂಕಿಗಳ ಹಾಸು: ಒಂದೊಂದು ಚೌಕದಿಂದ ಹಸಿರು, ಕೆಂಪು, ಅವಕೆಂಪು ಬೆಳಕು ಎಷ್ಟೆಷ್ಟು ಮರಳಿತು ಎಂಬ ಲೆಕ್ಕ. ಬಿಸಿಲಿಗೆ ಮುಖಮಾಡಿದ ಇಳಿಜಾರು ಎಲ್ಲ ಬೆಳಕಿನಲ್ಲೂ ಹೊಳೆಯುವುದರಿಂದ ಈ ಅಂಕಿಗಳು ಬಹುಪಾಲು ಒಟ್ಟಿಗೇ ಏರಿಳಿಯುತ್ತವೆ. ಪ್ರಧಾನ ಘಟಕ ವಿಶ್ಲೇಷಣೆ ಎಂಬ ವಿಧಾನ ಆ ಸಮಾನ ಏರಿಳಿತವನ್ನು ಮೊದಲು ಬೇರ್ಪಡಿಸುತ್ತದೆ. ಉಳಿದ ಸಣ್ಣ ವ್ಯತ್ಯಾಸಗಳಲ್ಲಿ ಕೆಮ್ಮಣ್ಣಿನ ಕಬ್ಬಿಣ, ಜೇಡಿಮಣ್ಣು, ತೇವಗಳ ಸುಳಿವು ಸಿಗಬಹುದು.

ನಗರದಲ್ಲಿ ಈ ಲೆಕ್ಕ ಎಡವುತ್ತದೆ. ಕಾಂಕ್ರೀಟಿನ ಜಲ್ಲಿಯೂ ಒಡೆದ ಕಲ್ಲೇ ತಾನೆ? ಕಂಪ್ಯೂಟರು ತಾರಸಿಯನ್ನು ಬರಿಬಂಡೆ ಎಂದರೆ ಪೂರ್ತಿ ಸುಳ್ಳೆನ್ನಲಾಗದು! ಬಿರುಕಿನ ಗೆರೆ ಹುಡುಕಹೊರಟರೆ ರೈಲುಹಳಿ, ರಿಂಗ್ ರೋಡು, ಕಾಂಪೌಂಡುಗಳೂ ಗೆರೆಗಳೇ. ಜೊತೆಗೆ, ಇಂಥ ಚಿತ್ರಗಳು ಹೆಚ್ಚಾಗಿ ಬೆಳಗಿನ ಬಿಸಿಲಿನವು. ಬಿರುಕಿನ ಜಾಡಿನಲ್ಲಿ ಕೊರೆದ ಕಣಿವೆ ಬಿಸಿಲಿಗೆ ಅಡ್ಡಲಾಗಿದ್ದರೆ ನೆರಳಿನಿಂದ ಎದ್ದು ಕಾಣುತ್ತದೆ, ಬಿಸಿಲಿನ ದಿಕ್ಕಿಗೇ ಸಾಗಿದ್ದು ಅಡಗುತ್ತದೆ. ಗೆರೆಗಳ ದಿಕ್ಕನ್ನು ಎಣಿಸಿ ಬಿರುಕುಗಳೆಲ್ಲ ಇತ್ತಲೇ ಎಂದು ಸಾರುವವರು ಇದನ್ನು ಮರೆಯಬಾರದು.

ನನ್ನನ್ನು ಕೇಳಿದರೆ, ವೈಟ್‌ಫೀಲ್ಡಿನ ನೆಲ ಓದಲು ಇಂದಿನ ಸ್ಫುಟ ಚಿತ್ರಕ್ಕಿಂತ 1970ರ ದಶಕದ ಮಸುಕು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರವೇ ವಾಸಿ. ಅದರ ಚೌಕ ಸುಮಾರು 80 ಮೀಟರ್, ಮನೆ ಕಾಣದು. ಆದರೆ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಪೋಣಿಸಿಕೊಂಡು ದಕ್ಷಿಣ ಪಿನಾಕಿನಿಯತ್ತ ಇಳಿಯುವ ಕಣಿವೆ, ಕಟ್ಟಡಗಳು ಮುಚ್ಚುವ ಮೊದಲಿನ ರೂಪದಲ್ಲಿ ಸಿಗುತ್ತದೆ. ಈ ಕಣಿವೆಯ ನೀರನ್ನು ಬೇರ್ಪಡಿಸುವ ದಿಣ್ಣೆಯ ಆಚೆ ಮಗ್ಗುಲಲ್ಲಿ ಪೀಣ್ಯದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯ ಪಾಲು.

ಆ ಹಳೆಯ ಚಿತ್ರದಲ್ಲಿ ಕಾಣುವ ಗೆರೆಗಳನ್ನು ಬೋರ್‌ವೆಲ್ ದಾಖಲೆಗಳೊಡನೆ ತಾಳೆ ನೋಡಬೇಕು: ಎಷ್ಟು ಅಡಿಗೆ ಕಲ್ಲು, ಎಷ್ಟು ಅಡಿಗೆ ನೀರು, ಎಷ್ಟು ಇಂಚು. ಗೆರೆಯ ಹತ್ತಿರದ ಬಾವಿಗಳಲ್ಲಿ ದೂರದವಕ್ಕಿಂತ ನೀರು ಹೆಚ್ಚಿಲ್ಲವೆಂದರೆ, ಅದು ಯಾವುದೋ ಹಳೆಯ ರಸ್ತೆಯೇ ಆಗಿದ್ದೀತು.