ನಾಮದ ಕೋಳಿಯ ಮೊಟ್ಟೆ ಲೆಕ್ಕ



ಕಾಗೆ ಗೂಡಿನಲ್ಲಿ ಕೋಗಿಲೆ ಮೊಟ್ಟೆ ಇಡುತ್ತದೆ. ಇದು ನಮಗೆಲ್ಲ ಗೊತ್ತು. ಆದರೆ ತನ್ನದೇ ಜಾತಿಯ ಹಕ್ಕಿ ಕದ್ದು ಬಂದು ಮೊಟ್ಟೆ ಇಟ್ಟರೆ? ಆಗ ಗೂಡಿನ ತಾಯಿ ಏನು ಮಾಡ್ತದೆ? ಇವತ್ತು ಅದನ್ನೇ ಮಾತಾಡೋಣ.

ನಮ್ಮ ಕೆರೆಗಳಲ್ಲಿ ನಾಮದ ಕೋಳಿ ಇರುತ್ತದೆ. ಮೈಯೆಲ್ಲ ಕಪ್ಪು, ಹಣೆಗೆ ಬಿಳಿ ನಾಮ. ಅಮೆರಿಕ ಖಂಡದಲ್ಲಿ ಇದರ ನೆಂಟ ಹಕ್ಕಿ ಇದೆ. ಅದೂ ಜೊಂಡಿನ ನಡುವೆ ಗೂಡು ಕಟ್ಟುತ್ತದೆ. ಬ್ರೂಸ್ ಲಯನ್ ಎಂಬ ವಿಜ್ಞಾನಿ ಕೆನಡಾ ದೇಶದಲ್ಲಿ ಅದರ 400ಕ್ಕೂ ಹೆಚ್ಚು ಗೂಡು ನೋಡಿದರು. ಕಂಡದ್ದನ್ನು 2003ರಲ್ಲಿ ಬರೆದು ತಿಳಿಸಿದರು.

ಈ ಹಕ್ಕಿ ದಿನಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಒಂದೇ ದಿನ ಎರಡು ಹೊಸ ಮೊಟ್ಟೆ ಕಂಡರೆ, ಒಂದು ಬೇರೆಯವರದ್ದು! ಹೀಗೆ ಇಟ್ಟು ಹೋಗುವ ಹಕ್ಕಿಗಳು ಗೂಡಿಲ್ಲದವು ಮಾತ್ರ ಅಲ್ಲ. ಸ್ವಂತ ಗೂಡು ಇದ್ದವೂ ಇಡುತ್ತವೆ.

ಒಂದು ಮೊಟ್ಟೆಗೆ ಇಷ್ಟೇಕೆ ಚಿಂತೆ ಅಂತೀರಾ? ಅಲ್ಲಿ ಮರಿಗಳಿಗೆ ಆಹಾರ ಸಾಲದು. ಸುಮಾರು ಅರ್ಧದಷ್ಟು ಮರಿಗಳು ಹಸಿವಿನಿಂದಲೇ ಸಾಯುತ್ತವೆ. ಪರರ ಮರಿ ಒಂದು ಬದುಕಿದರೆ ತನ್ನ ಮರಿ ಒಂದು ಹೋಯಿತು.

ಅದಕ್ಕೇ ತಾಯಿ ಹುಷಾರು. ಒಂದೊಂದು ಹಕ್ಕಿಯ ಮೊಟ್ಟೆಯ ಬಣ್ಣ, ಚುಕ್ಕೆ ಒಂದೊಂದು ಥರ. ತನ್ನದಲ್ಲದ್ದು ಕಂಡರೆ ಅದನ್ನು ಗೂಡಿನ ಹುಲ್ಲಿನಲ್ಲಿ ಹೂತುಬಿಡುತ್ತದೆ. ಇಲ್ಲವೇ ಗೂಡಿನ ಅಂಚಿಗೆ ತಳ್ಳುತ್ತದೆ. ಅಂಚಿನಲ್ಲಿ ಕಾವು ಕಡಿಮೆ.

ಇನ್ನೂ ಸೋಜಿಗ ಕೇಳಿ. 8 ಮೊಟ್ಟೆ ಇಡುವ ಹಕ್ಕಿಯ ಗೂಡಿಗೆ ಪರರ 2 ಮೊಟ್ಟೆ ಬಂತು ಅನ್ನೋಣ. ಗುರುತು ಹಿಡಿಯದ ಹಕ್ಕಿ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ತನ್ನವು 6 ಆದಾಗಲೇ ನಿಲ್ಲಿಸಿಬಿಡುತ್ತದೆ. ಗುರುತು ಹಿಡಿದ ಹಕ್ಕಿ ತನ್ನವನ್ನು ಮಾತ್ರ ಎಣಿಸುತ್ತದೆ. ಪೂರಾ 8 ಇಡುತ್ತದೆ.

ಮೊಟ್ಟೆ ಇದ್ದಾಗ ಮೋಸ ಹೋದರೆ? ಮರಿಯಾದ ಮೇಲೂ ದಾರಿ ಇದೆ. ಇದು 2010ರಲ್ಲಿ ಪ್ರಕಟವಾಯಿತು. ಮೊದಲ ದಿನ ಒಡೆದು ಬಂದ ಮರಿಗಳನ್ನು ತಂದೆ ತಾಯಿ ಚೆನ್ನಾಗಿ ನೋಡಿಕೊಳ್ಳುತ್ತವೆ. ಅವು ಸಾಮಾನ್ಯವಾಗಿ ತಮ್ಮವೇ. ಆಮೇಲೆ ಬಂದ ಮರಿ ಅವುಗಳ ಹಾಗೆ ಇಲ್ಲದಿದ್ದರೆ ಕುಕ್ಕಿ ದೂರ ಮಾಡುತ್ತವೆ. ವಿಜ್ಞಾನಿಗಳು ಮೊದಲ ದಿನ ಪರರ ಮರಿಗಳನ್ನೇ ಇಟ್ಟು ನೋಡಿದರು. ಆಗ ಆ ಹಕ್ಕಿಗಳು ಪರರ ಮರಿಯನ್ನೇ ತಮ್ಮದೆಂದವು. ಹೆತ್ತ ಮರಿಯನ್ನೇ ದೂರ ಮಾಡಿದವು!

ಅಂದರೆ ಹಕ್ಕಿಗೂ ಮಕ್ಕಳ ಗುರುತು ಹುಟ್ಟಿನಿಂದ ಬಂದದ್ದಲ್ಲ. ನೋಡಿ ಕಲಿತದ್ದು. ಕಲಿತದ್ದು ಸರಿ ಇದ್ದರೆ ಮರಿ ಉಳಿಯಿತು. ತಪ್ಪಿದರೆ ಹೋಯಿತು.

ಈ ಸಲ ಕೆರೆ ಕಡೆ ಹೋದಾಗ ನಾಮದ ಕೋಳಿ ಕಂಡರೆ ಒಂದು ಗಳಿಗೆ ನಿಂತು ನೋಡೋಣ. ಗೂಡು ಮುಟ್ಟುವುದು ಬೇಡ.